ಸಂತೆಯಿಂದ ಸಂತೆಗೆ: ಐದು ಜನರ ಊಟದ ಲೆಕ್ಕ

ಕುಟುಂಬದ ಆಯವ್ಯಯವೆಂದರೆ ತಿಂಗಳ ಲೆಕ್ಕ ಎಂಬುದು ಸಂಬಳದಾರರ ಭಾವನೆ. ನಮ್ಮ ಪಠ್ಯಪುಸ್ತಕಗಳೂ ಅದನ್ನೇ ಹಿಡಿದು ನಡೆಯುತ್ತವೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ಹಳ್ಳಿಮನೆಗಳಲ್ಲಿ ಕಾಲವನ್ನು ಅಳೆಯುವ ಕೋಲು ತಿಂಗಳಲ್ಲ, ವಾರ. ಕೂಲಿ ಬಟವಾಡೆಯಾಗುವುದು ವಾರಕ್ಕೊಮ್ಮೆ, ಸಂತೆ ಕೂಡುವುದು ವಾರಕ್ಕೊಮ್ಮೆ, ಅಂಗಡಿಯ ಸಾಲಕ್ಕೆ ಸ್ವಲ್ಪವಾದರೂ ಕಟ್ಟುವುದು ವಾರಕ್ಕೊಮ್ಮೆ. ತಂಬಾಕು ಬೆಳೆದವನಿಗೆ ಹರಾಜಿನ ಕಾಲದಲ್ಲಿ ಹಣ ಒಟ್ಟಿಗೆ ಬರುವುದು ನಿಜ. ಸೌದೆ, ಗೊಬ್ಬರ, ಬಡ್ಡಿ ಎಂದು ಆ ಹಣಕ್ಕೆ ಕಾದು ಕುಳಿತ ಬಾಯಿಗಳೂ ಬಹಳ. ಕೊಡಗಿನ ಕಾಫಿ ತೋಟಗಳಿಗೆ ಜೀಪಿನಲ್ಲಿ ಹೋಗಿಬರುವ ಕೋಟೆ, ಪಿರಿಯಾಪಟ್ಟಣದ ಕೂಲಿಕಾರರಿಗಂತೂ ಮಳೆ ಹಿಡಿದರೆ ಆ ವಾರದ ಸಂತೆಯೇ ಸಣ್ಣದಾಗುತ್ತದೆ. ಆದಕಾರಣ ಇಲ್ಲಿ ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಐದು ಜನರ ಮನೆಯೊಂದು ಕಡಿಮೆ ಹಣದಲ್ಲಿ ಉಣ್ಣುವ ಬಗೆಯನ್ನು ಲೆಕ್ಕ ಹಾಕಿ ನೋಡೋಣ. ಹೊಟ್ಟೆ ತುಂಬುವುದು ಒಂದು, ಮೈ ಹಿಡಿಯುವುದು ಇನ್ನೊಂದು. ಲೆಕ್ಕ ಎರಡಕ್ಕೂ ಸಲ್ಲಬೇಕು.

ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಪಂಡಿತನು 1857ರಲ್ಲಿ ಬೆಲ್ಜಿಯಮ್ಮಿನ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ, ಮನೆ ಬಡವಾದಷ್ಟೂ ಆದಾಯದಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚು ಎಂದು ತೋರಿಸಿದನು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರೀಕ್ಷೆಯ ಪ್ರಶ್ನೆ. ಆದರೆ ಊಟಕ್ಕೆಂದು ಹೋದ ಆ ಪಾಲಿನೊಳಗೆ ಯಾವುದು ಎಷ್ಟು ಎಂಬುದನ್ನು ಎಂಗೆಲ್ಲನ ನಿಯಮ ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಗುಟ್ಟಿರುವುದು ಅಲ್ಲಿಯೇ.

ನಮ್ಮ ಕಡೆಯ ಬಡ ಮನೆಯಲ್ಲಿ ಇಂದು ಧಾನ್ಯದ ಕೊರತೆ ದೊಡ್ಡದಲ್ಲ. ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ 2013ರ ಜುಲೈಯಲ್ಲಿ ಆರಂಭವಾಯಿತು. ಆದ್ಯತಾ ಪಡಿತರ ಚೀಟಿಯ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಕೇಂದ್ರವು 2023ರ ಜನವರಿಯಿಂದ ಉಚಿತವಾಗಿ ಕೊಡತೊಡಗಿತು. ಅದರ ಮೇಲೆ ರಾಜ್ಯವು ಕೊಡಬೇಕೆಂದಿದ್ದ ಇನ್ನೈದು ಕಿಲೋ ಅಕ್ಕಿ 2023ರಲ್ಲಿ ದೊರೆಯದೆ ಕಿಲೋಗೆ 34 ರೂಪಾಯಿಯಂತೆ ಹಣವಾಗಿ ಬಂದಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಚಿವಸಂಪುಟವು ಈ ಹೆಚ್ಚಿನ ಅಕ್ಕಿಯ ಬದಲು ಬೇಳೆ, ಎಣ್ಣೆ ಮೊದಲಾದವುಗಳ ಕಿಟ್ಟನ್ನು ಕೊಡಬೇಕೆಂದು ತೀರ್ಮಾನಿಸಿತು. ಅಕ್ಕಿ ಸಾಕು, ಕೊರತೆಯಿರುವುದು ಸಾರಿನ ಪಾತ್ರೆಯಲ್ಲಿ ಎಂಬುದನ್ನು ಆ ತೀರ್ಮಾನವೇ ಒಪ್ಪಿಕೊಂಡಂತಾಯಿತು.

ಈಗ ಮನೆಗೆ ಬರೋಣ. ದುಡಿಯುವ ಗಂಡ, ದುಡಿಯುವ ಹೆಂಡತಿ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಮಧ್ಯಮ ಶ್ರಮದ ಗಂಡಸಿಗೆ ದಿನಕ್ಕೆ 2,710 ಕಿಲೋಕ್ಯಾಲೊರಿ ಶಕ್ತಿಯೂ 54 ಗ್ರಾಂ ಪ್ರೋಟೀನೂ ಬೇಕು. ಹೆಂಗಸಿಗೆ 2,130 ಮತ್ತು 46 ಗ್ರಾಂ. ಮುದುಕಿಯನ್ನೂ ಮಕ್ಕಳನ್ನೂ ಸೇರಿಸಿದರೆ ಮನೆಗೆಲ್ಲ ದಿನಕ್ಕೆ ಹತ್ತು ಸಾವಿರ ಕಿಲೋಕ್ಯಾಲೊರಿ, 200 ಗ್ರಾಂ ಪ್ರೋಟೀನು ಎಂದು ಸ್ಥೂಲವಾಗಿ ಹಿಡಿಯಬಹುದು. ವಾರಕ್ಕೆ 70 ಸಾವಿರ ಮತ್ತು 1,400 ಗ್ರಾಂ.

ಐದು ಜನರಿಗೆ ತಲಾ 5 ಕಿಲೋದಂತೆ ಬರುವ ಅಕ್ಕಿ ವಾರಕ್ಕೆ ಹೆಚ್ಚುಕಡಿಮೆ 6 ಕಿಲೋ. ಅದರ ಜೊತೆಗೆ 8 ಕಿಲೋ ರಾಗಿಯನ್ನು ಇಟ್ಟುಕೊಳ್ಳೋಣ. ಈ 14 ಕಿಲೋ ಧಾನ್ಯದಿಂದ 47 ಸಾವಿರ ಕಿಲೋಕ್ಯಾಲೊರಿ ಬರುತ್ತದೆ. ಬೇಕಾದುದರ ಮೂರನೆಯ ಎರಡು ಪಾಲು ಇಲ್ಲಿಗೇ ಮುಗಿಯಿತು. ಪ್ರೋಟೀನಾದರೋ 1,050 ಗ್ರಾಮಿಗೆ ನಿಲ್ಲುತ್ತದೆ. ಅದೂ ಅರೆಕೊರೆ ಪ್ರೋಟೀನು, ಏಕೆಂದರೆ ಧಾನ್ಯದಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಧಾರಾಳವಾಗಿದೆ; ಕಾಳಿನಲ್ಲಿ ಕಡಿಮೆಯಾದ ಮೆಥಿಯೊನೀನ್ ರಾಗಿಯಲ್ಲಿ ಚೆನ್ನಾಗಿದೆ. ಹಿಟ್ಟಿಗೆ ಹುರುಳಿ ಸಾರು ಎಂದು ಯಾರು ಮೊದಲು ಗಂಟು ಹಾಕಿದರೋ, ರಸಾಯನಶಾಸ್ತ್ರ ಓದದೆ ಹಾಕಿದರು.

ಇನ್ನು ಹಣ. ಬೆಲೆ ಸಂತೆಯಿಂದ ಸಂತೆಗೆ ಬೇರೆ. ಇಲ್ಲಿರುವವು ಲೆಕ್ಕಕ್ಕಾಗಿ ಇಟ್ಟುಕೊಂಡ ದರಗಳೆಂದು ವಾಚಕರು ತಿಳಿಯಬೇಕು, ತಮ್ಮೂರ ದರವನ್ನು ಹಾಕಿಕೊಂಡು ತಿದ್ದಿಕೊಳ್ಳಬೇಕು. ರಾಗಿ ಕಿಲೋಗೆ 40ರಂತೆ 320 ರೂಪಾಯಿ. ಕಾಳು ಎರಡೂವರೆ ಕಿಲೋ: ಹುರುಳಿ ಒಂದು ಕಿಲೋ 80, ಅವರೆ ಅಥವಾ ಅಲಸಂದೆ ಒಂದು ಕಿಲೋ 110, ತೊಗರಿಬೇಳೆ ಅರ್ಧ ಕಿಲೋ 70, ಒಟ್ಟು 260. ಎಣ್ಣೆ ಮುಕ್ಕಾಲು ಕಿಲೋ 110, ಕಡಲೆಕಾಯಿ ಬೀಜ ಅರ್ಧ ಕಿಲೋ 70, ಬೆಲ್ಲ ಅರ್ಧ ಕಿಲೋ 30. ದಿನಕ್ಕೆ ಅರ್ಧ ಲೀಟರ್ ಹಾಲು, ವಾರಕ್ಕೆ 160. ಮೊಟ್ಟೆ ಹದಿನೈದು, 105. ಸೊಪ್ಪು, ಈರುಳ್ಳಿ, ತರಕಾರಿಗೆ 250. ತೆಂಗಿನಕಾಯಿ ಎರಡು 80. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆಹಣ್ಣು, ಬೆಳ್ಳುಳ್ಳಿ, ಉಪ್ಪಿಗೆ 100. ಟೀ, ಸಕ್ಕರೆಗೆ 60. ಕೂಡಿಸಿದರೆ 1,545 ರೂಪಾಯಿ. ಶಕ್ತಿ ಸುಮಾರು 70 ಸಾವಿರಕ್ಕೆ ಮುಟ್ಟುತ್ತದೆ. ಪ್ರೋಟೀನು 1,900 ಗ್ರಾಂ ದಾಟುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಅಂದರೆ ವಾರದಲ್ಲಿ ಒಬ್ಬರ ನಾಲ್ಕು ದಿನದ ದುಡಿಮೆಗಿಂತ ತುಸು ಹೆಚ್ಚು ಒಲೆಯ ಮುಂದೆಯೇ ಕರಗಬೇಕು. ಗ್ಯಾಸು, ಔಷಧಿ, ಬಸ್ಸು, ಬಟ್ಟೆ ಇನ್ನೂ ಬಾಕಿ.

ಮೂರೇ ದಿನ ಕೆಲಸ ಸಿಕ್ಕಿದ ವಾರದಲ್ಲಿ ಏನನ್ನು ಬಿಡಬೇಕು? ಸಾಮಾನ್ಯವಾಗಿ ಮನೆಯವರು ಮೊದಲು ಬಿಡುವುದು ಕಾಳನ್ನೂ ಮೊಟ್ಟೆಯನ್ನೂ. ಟೊಮೇಟೊ ತಿಳಿಸಾರು, ಅನ್ನ, ಉಪ್ಪಿನಕಾಯಿಯಲ್ಲಿ ವಾರ ನೂಕುತ್ತಾರೆ. ಹೊಟ್ಟೆ ತುಂಬುತ್ತದೆ, ಆದ್ದರಿಂದ ಮೋಸ ತಿಳಿಯುವುದಿಲ್ಲ. ಮೇಲಿನ ದರಗಳಲ್ಲೇ 100 ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆಂದು ನೋಡಿದರೆ ಹಾಲಿನಲ್ಲಿ 136 ರೂಪಾಯಿ, ಮೊಟ್ಟೆಯಲ್ಲಿ 108, ತೊಗರಿಬೇಳೆಯಲ್ಲಿ 64, ಹುರುಳಿಯಲ್ಲಿ 37. ಹೀಗಿರುವಲ್ಲಿ ಕೈ ಬಿಗಿಯಾದ ವಾರದಲ್ಲಿ ಕಡಿಯಬೇಕಾದದ್ದು ಟೊಮೇಟೊ, ಟೀ, ಸಕ್ಕರೆ, ಅಂಗಡಿಯ ಬಿಸ್ಕತ್ತು. ಬೇಕಿದ್ದರೆ ತೊಗರಿಬೇಳೆಯನ್ನೂ ಬಿಡಬಹುದು. ಹುರುಳಿಯನ್ನು ಬಿಡಬಾರದು. ಹುರುಳಿಗೆ ಒಂದು ಕೆಟ್ಟ ಹೆಸರಿದೆ: ದನದ ಮೇವು, ಬಡವರ ಕಾಳು. ಎತ್ತುಗಳಿಗೆ ಬೇಯಿಸಿದ ಹುರುಳಿಯ ಕಟ್ಟನ್ನು ಬಸಿದು ಮನೆಗೆ ಸಾರು ಮಾಡುತ್ತಿದ್ದುದರಿಂದ ಬಂದ ಹೆಸರಿರಬೇಕು. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮನೆಯಲ್ಲಿ ಕಾಳೂ ಕಟ್ಟೂ ಎರಡೂ ಮನುಷ್ಯರಿಗೇ ಉಳಿಯುತ್ತವೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಉಳಿತಾಯವುಂಟು. ಸರ್ಕಾರಿ ಶಾಲೆಯ ಬಿಸಿಯೂಟದಿಂದ ಇಬ್ಬರು ಮಕ್ಕಳ ಹತ್ತಕ್ಕೆ ಮೇಲ್ಪಟ್ಟ ಊಟಗಳು ವಾರದಲ್ಲಿ ಮನೆಯ ಲೆಕ್ಕದಿಂದ ತಪ್ಪುತ್ತವೆ. 2013ರಿಂದ ಹಾಲು ಸೇರಿತು. 2024ರಲ್ಲಿ ಮೊಟ್ಟೆಯನ್ನು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು. ಆದರೆ ಬೇಸಿಗೆಯ ರಜೆಯಲ್ಲಿ ಈ ಭಾರವೆಲ್ಲ ಮತ್ತೆ ಮನೆಯ ಮೇಲೆ ಬೀಳುತ್ತದೆ; ಏಪ್ರಿಲ್-ಮೇ ತಿಂಗಳ ಲೆಕ್ಕವನ್ನು ಬೇರೆಯೇ ಹಾಕಬೇಕು.

ಅಗ್ಗದ ಊಟದ ಸಮಸ್ಯೆ ನಮ್ಮ ತಾಲ್ಲೂಕಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಜಾರ್ಜ್ ಸ್ಟಿಗ್ಲರ್, ಮುಂದೆ 1982ರಲ್ಲಿ ನೊಬೆಲ್ ಬಹುಮಾನ ಪಡೆದವನು, 1945ರಲ್ಲಿ ಇದನ್ನೊಂದು ಗಣಿತವನ್ನಾಗಿ ಮಾಡಿದನು. 77 ಆಹಾರವಸ್ತುಗಳು, ಒಂಬತ್ತು ಪೋಷಕಾಂಶಗಳು. ಒಬ್ಬ ಗಂಡಸಿಗೆ ವರ್ಷಕ್ಕೆ ಅತ್ಯಂತ ಕಡಿಮೆ ಖರ್ಚೆಷ್ಟು? 1939ರ ಬೆಲೆಯಲ್ಲಿ ಅವನಿಗೆ ಬಂದ ಉತ್ತರ 39 ಡಾಲರ್ 93 ಸೆಂಟ್. ಎರಡು ವರ್ಷದ ಮೇಲೆ ಡಾಂಟ್ಸಿಗನ ಹೊಸ ವಿಧಾನದಿಂದ ಇದೇ ಲೆಕ್ಕವನ್ನು ಒಂಬತ್ತು ಮಂದಿ ಗುಮಾಸ್ತರು ಮೇಜಿನ ಯಂತ್ರಗಳ ಮೇಲೆ ಮಾಡಿದರು. ಅದಕ್ಕೆ 120 ಆಳುದಿನ ಹಿಡಿಯಿತು, ಉತ್ತರದಲ್ಲಿ ಆದ ವ್ಯತ್ಯಾಸ 24 ಸೆಂಟ್! ಸ್ಟಿಗ್ಲರನ ಪಟ್ಟಿಯಲ್ಲಿ ಕಡೆಗೆ ಉಳಿದದ್ದು ಐದೇ ಪದಾರ್ಥ: ಗೋಧಿ ಹಿಟ್ಟು, ಡಬ್ಬಿಯ ಹಾಲು, ಎಲೆಕೋಸು, ಪಾಲಕ್ ಸೊಪ್ಪು, ಒಣ ಹುರುಳಿಕಾಯಿ ಕಾಳು. ಒಂದು ಧಾನ್ಯ, ಒಂದು ಕಾಳು, ಸೊಪ್ಪು, ಒಂದಿಷ್ಟು ಹಾಲು. ಪಿರಿಯಾಪಟ್ಟಣದ ಯಾವ ಅಜ್ಜಿಯ ಅಡುಗೆಮನೆಗೆ ಹೋದರೂ ಇದೇ ಪಟ್ಟಿ, ಗೋಧಿಯ ಜಾಗದಲ್ಲಿ ರಾಗಿ. ಸ್ಟಿಗ್ಲರನೇ ತನ್ನ ಪಟ್ಟಿಯಂತೆ ಯಾರೂ ಉಣ್ಣಬೇಕೆಂದು ಹೇಳಲಿಲ್ಲ. ಅದರಲ್ಲಿ ರುಚಿಗೆ ಸ್ಥಾನವಿಲ್ಲ. ಒಂದೇ ಹಿಟ್ಟು, ಒಂದೇ ಕಾಳು ವಾರವಿಡೀ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ನಮ್ಮ ಸೀಮೆಯ ಉತ್ತರ ಬಸ್ಸಾರು. ಕಾಳು ಸೊಪ್ಪುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ರಸವನ್ನು ಬಸಿದು, ಹಿಡಿಯಷ್ಟು ಬೆಂದ ಕಾಳನ್ನು ಮಸಾಲೆಯೊಡನೆ ರುಬ್ಬಿ ರಸಕ್ಕೆ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಪದಾರ್ಥ, ನೀರಿಗೆ ಇಳಿದ ಸತ್ವವೂ ಚೆಲ್ಲಿಹೋಗದು. ಮಸಾಲೆ ಬೇಡವೆಂದರೆ ಅದೇ ರಸ ಉಪ್ಸಾರಾಗುತ್ತದೆ, ಪಕ್ಕಕ್ಕೆ ಬೆಳ್ಳುಳ್ಳಿ ಹಾಕಿದ ಖಾರ. ಸೊಪ್ಪನ್ನು ಬೇಳೆಯೊಡನೆ ಮಸೆದರೆ ಮಸ್ಸೊಪ್ಪು. ಕಾಳನ್ನು ಮೊಳಕೆ ಬರಿಸಿದರೆ ಮತ್ತೊಂದು ಸಾರು. ಮೊಳಕೆಯಲ್ಲಿ ಕಬ್ಬಿಣದಂಶ ಮೈಗೆ ಹತ್ತುವುದೂ ಹೆಚ್ಚು.

ವಾರದ ಕ್ರಮವನ್ನು ಸಂತೆಯೇ ಗೊತ್ತುಮಾಡುತ್ತದೆ. ಸಂತೆಯ ದಿನವೂ ಮಾರನೆಯ ದಿನವೂ ಬೇಗ ಬಾಡುವ ದಂಟು, ಕೀರೆ, ಮೆಂತ್ಯದ ಸೊಪ್ಪಿನ ಬಸ್ಸಾರು. ಅಂದೇ ರಾತ್ರಿ ಹುರುಳಿ ನೆನೆಹಾಕಿ ಕಟ್ಟಿಟ್ಟರೆ ಮೂರನೆಯ ದಿನಕ್ಕೆ ಮೊಳಕೆ. ನಡುವಾರದಲ್ಲಿ ಬದನೆ, ಆಲೂಗೆಡ್ಡೆ ಹಾಕಿದ ಅವರೆಕಾಳು, ಒಂದು ರಾತ್ರಿ ಮೊಟ್ಟೆ ಸಾರು. ವಾರದ ಕೊನೆಗೆ ಚೀಲ ಬರಿದಾದಾಗ ಹಿತ್ತಲ ನುಗ್ಗೆಸೊಪ್ಪು, ಹುರುಳಿಕಟ್ಟು, ಒಂದಿಷ್ಟು ಒಣಮೀನು, ಕಡಲೆಬೀಜದ ಚಟ್ನಿ. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದರೆ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಆಗ ಯಾರೂ ಲೆಕ್ಕ ಕೇಳುವುದಿಲ್ಲ.

ರಾಗಿಯನ್ನೇ ಏಕೆ ಹಿಡಿಯಬೇಕು, ಉಚಿತವಾಗಿ ಬರುವ ಅಕ್ಕಿಯನ್ನೇ ಮೂರು ಹೊತ್ತೂ ಉಂಡರೆ 320 ರೂಪಾಯಿ ಉಳಿಯದೇ ಎಂದು ಕೇಳಬಹುದು. ಕೃಷ್ಣರಾಜನಗರದ ನಾಲೆಯ ಬಯಲಿನವರು ಈ ಪ್ರಶ್ನೆಯನ್ನು ನಗುತ್ತಲೇ ಕೇಳಿಯಾರು. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಮಿನ ಆಸುಪಾಸು. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹಾಲು ಹೆಚ್ಚು ಕೊಳ್ಳಲಾರದ ಮನೆಯಲ್ಲಿ ಎಲುಬಿಗೆ ಆಧಾರ ಹಿಟ್ಟೇ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳವಾಗಿ, ಸೆರೆಯಲ್ಲಿಟ್ಟ ಎರಡರಲ್ಲಿ ಕೆಡದೆ ಉಳಿದದ್ದು ರಾಗಿ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯದ ಧಾನ್ಯವೆಂದು ರೈತರು ಅದನ್ನು ಬಲ್ಲರು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿಗಳನ್ನು ತಂದ ಮೇಲೆ ಇಳುವರಿಯೂ ಏರಿತು. ಹಾಗಿದ್ದೂ ಹುಡುಗರ ತಟ್ಟೆಯಲ್ಲಿ ಹಿಟ್ಟು ಕಿರಿದಾಗುತ್ತಿದೆ. ಕಾಲೇಜಿಗೆ ಬಂದ ಮೇಲೆ ಮುದ್ದೆಯೆಂದರೆ ಮುಖ ತಿರುಗಿಸುವ ಮಿತ್ರರು ನಮ್ಮಲ್ಲೇ ಇದ್ದಾರೆ. ಅದೇ ಮುದ್ದೆಗೆ ಪಟ್ಟಣದ ಹೋಟೆಲಿನಲ್ಲಿ ಹಣ ಕೊಟ್ಟು ಉಣ್ಣುವವರೂ ಇದ್ದಾರೆ.

ಹಿಂದೆ ಈ ಊಟವನ್ನು ಸಂತೆಯಲ್ಲಿ ಕೂಡಿಸಬೇಕಾಗಿರಲಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬರುತ್ತಿದ್ದವು; ಧಾನ್ಯ, ಕಾಳು, ಎಣ್ಣೆ ಒಂದೇ ನೆಲದಿಂದ. ಕಳೆ ಕೀಳುವ ಹೆಂಗಸರು ಮಡಿಲಲ್ಲಿ ಅಣ್ಣೆ, ಹೊನಗೊನೆ, ಗೋಣಿ ಸೊಪ್ಪುಗಳನ್ನು ತರುತ್ತಿದ್ದರು. ಕಳೆಯೇ ಬೆರಕೆ ಸೊಪ್ಪು. ತಂಬಾಕು, ಶುಂಠಿ, ಮುಸುಕಿನ ಜೋಳ ಬಂದ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಕಳೆನಾಶಕ ಬಿದ್ದ ಬದುವಿನಲ್ಲಿ ಸೊಪ್ಪಿಲ್ಲ. ತಂಬಾಕು ಹಣ ತಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮೇಲಿನ ಪಟ್ಟಿಯಲ್ಲಿ ಕಾಳಿಗೆ 260, ಸೊಪ್ಪು ತರಕಾರಿಗೆ 250 ಎಂದು ಬರೆದೆವಲ್ಲ, ಆ 510 ರೂಪಾಯಿಯಲ್ಲಿ ಬಹುಭಾಗ ಹೊಲ ಕೊಡುವುದನ್ನು ನಿಲ್ಲಿಸಿದ್ದರಿಂದ ಬಂದ ಖರ್ಚು. ತಂಬಾಕು ಕಿತ್ತ ಮೇಲೆ ಹುರುಳಿಯನ್ನೋ ಅಲಸಂದೆಯನ್ನೋ ಚೆಲ್ಲುವ ರೈತರಿದ್ದಾರೆ; ಅಂಥ ಮನೆಯಲ್ಲಿ ವಾರದ ಲೆಕ್ಕ ಅಷ್ಟರಮಟ್ಟಿಗೆ ಹಗುರ.

ಪಟ್ಟಿ ಎಷ್ಟೇ ಸರಿಯಾಗಿದ್ದರೂ ಬಡಿಸುವಾಗ ಅದು ಕೆಡಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಐದು ಜನರ ಲೆಕ್ಕದಲ್ಲಿ ಹೆಂಡತಿಯ ಪಾಲು 2,130 ಕಿಲೋಕ್ಯಾಲೊರಿ, 46 ಗ್ರಾಂ ಪ್ರೋಟೀನು ಎಂದು ಬರೆದೆವು. ಎಲ್ಲರೂ ಉಂಡ ಮೇಲೆ ಅವಳು ಕೂರುವಾಗ ಮುದ್ದೆ ಇರುತ್ತದೆ, ಸಾರಿನ ತಿಳಿಯೂ ಇರುತ್ತದೆ. ಬಸಿದಿಟ್ಟ ಕಾಳಿನ ಪಲ್ಯ ಮಾತ್ರ ತಳ ಕಂಡಿರುತ್ತದೆ. ಪ್ರೋಟೀನೂ ಕಬ್ಬಿಣದಂಶವೂ ಇದ್ದದ್ದು ಆ ಪಲ್ಯದಲ್ಲಿ. ಇದಕ್ಕೆ ಹಣ ಬೇಕಿಲ್ಲ: ಬಸ್ಸಾರು ಇಳಿಸಿದ ಕೂಡಲೆ ಪಲ್ಯವನ್ನು ಐದು ಬಟ್ಟಲಿಗೆ ಹಾಕಿ, ಅಡುಗೆ ಮಾಡಿದವಳ ಬಟ್ಟಲನ್ನು ಮೊದಲೇ ಮುಚ್ಚಿಡುವುದು. ಊಟದ ಜೊತೆ ಅರ್ಧ ಹೋಳು ನಿಂಬೆ ಹಿಂಡಿಕೊಂಡು, ಟೀಯನ್ನು ಒಂದು ಗಂಟೆ ತಡಮಾಡಿ ಕುಡಿದರೆ ಆ ಕಬ್ಬಿಣದಂಶ ರಕ್ತಕ್ಕೆ ಇನ್ನಷ್ಟು ಸೇರುತ್ತದೆ.