ಒಂಬತ್ತು ಮಕ್ಕಳು, ಮೂವತ್ತು ವಾರ

ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಏಳು ಮಕ್ಕಳು. 2021ರ ಮೇ 4ರಂದು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಸಿಸೇರಿಯನ್ ಮಾಡಿದಾಗ ಹೊರಬಂದದ್ದು ಒಂಬತ್ತು: ಐದು ಹೆಣ್ಣು, ನಾಲ್ಕು ಗಂಡು. ತಾಯಿ, ಮಾಲಿ ದೇಶದ ಹಲೀಮಾ ಸಿಸ್ಸೆ. ಊರೂರಿನ ಪತ್ರಿಕೆಗಳು ಆ ಸಂಖ್ಯೆಗೆ ಬೆರಗಾದವು. ಆದರೆ ವೈದ್ಯರು ಅಷ್ಟು ದಿನವೂ ಲೆಕ್ಕ ಇಟ್ಟಿದ್ದು ವಾರಗಳದ್ದು.

ಬಮಾಕೊದ ಆಸ್ಪತ್ರೆಯಲ್ಲಿದ್ದ ಆಕೆಯನ್ನು ಮಾರ್ಚ್ ಕೊನೆಗೆ ಕಾಸಾಬ್ಲಾಂಕಾದ ಐನ್ ಬೋರ್ಜಾ ಕ್ಲಿನಿಕ್‌ಗೆ ಕಳುಹಿಸಿದಾಗ ಬಸಿರಿಗೆ 25 ವಾರ. ಅಂದೇ ಹೆರಿಗೆಯಾಗಿದ್ದರೆ ಅಷ್ಟೂ ಕೂಸುಗಳನ್ನು ಉಳಿಸಿಕೊಳ್ಳುವುದು ತೀರಾ ಕಷ್ಟವಿತ್ತು. ಅಲ್ಲಿನವರು ಹೆರಿಗೆಯನ್ನು 30ನೇ ವಾರದವರೆಗೆ ತಡೆದು ನಿಲ್ಲಿಸಿದರು. ಆಗಲೂ ಮಕ್ಕಳ ತೂಕ ಅರ್ಧ ಕಿಲೋದಿಂದ ಒಂದು ಕಿಲೋದೊಳಗೆ.

ಒಂದೇ ಮಗುವಿದ್ದರೆ ದಿನ ತುಂಬಲು ಸುಮಾರು 40 ವಾರ. 37 ತುಂಬುವ ಮೊದಲೇ ಆದರೆ ಅದು ಅವಧಿಪೂರ್ವ ಹೆರಿಗೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಷ್ಟರೊಳಗೇ ಹುಟ್ಟುತ್ತವೆ. ತ್ರಿವಳಿಗಳು ಇನ್ನೂ ಬೇಗ. ಗರ್ಭಕೋಶ ಮಿತಿಮೀರಿ ಹಿಗ್ಗುವುದು ಇದಕ್ಕೊಂದು ಮುಖ್ಯ ಕಾರಣ.

ಬೇಗ ಹುಟ್ಟಿದ ಕೂಸಿನ ಮೊದಲ ಸಂಕಟ ಉಸಿರಿನದು. ಇದಕ್ಕೆ ದಾರಿ ಸಿಕ್ಕಿದ್ದು ಕುರಿದೊಡ್ಡಿಯಲ್ಲಿ. ಹೆರಿಗೆ ಶುರುವಾಗುವುದು ಹೇಗೆಂದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಸ್ಟೀರಾಯ್ಡ್ ಪಡೆದು ಅವಧಿಗೆ ಮುಂಚೆ ಹುಟ್ಟಿದ ಮರಿ ಬದುಕಲಾರದು ಎಂದುಕೊಂಡಿದ್ದರೆ ಅದು ಉಸಿರಾಡುತ್ತಿತ್ತು! ಶ್ವಾಸಕೋಶ ಬೇಗ ಬಲಿತಿತ್ತು. ಲಿಗಿನ್ಸ್ ಮತ್ತು ರಾಸ್ ಹೋವಿ ಅದನ್ನು ಗರ್ಭಿಣಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಸ್ಟೀರಾಯ್ಡ್ ಇಂಜೆಕ್ಷನ್ ಪೂರ್ತಿ ಕೆಲಸ ಮಾಡಲು ಒಂದೆರಡು ದಿನ ಬೇಕು. ನೋವು ಶುರುವಾದವರಿಗೆ ಅದನ್ನು ತಡೆಯುವ ಔಷಧಿ ಕೊಡುವುದು ಮುಖ್ಯವಾಗಿ ಆ ಎರಡು ದಿನಕ್ಕಾಗಿ. ಅಷ್ಟರಲ್ಲಿ ಇನ್‌ಕ್ಯುಬೇಟರ್ ಇರುವ ಆಸ್ಪತ್ರೆಗೆ ಸಾಗಿಸಲೂ ಅವಕಾಶ ಸಿಗುತ್ತದೆ.

ಅವಳಿ ಎಂದು ಗೊತ್ತಾದೊಡನೆ ನಮ್ಮ ಮನೆಗಳಲ್ಲಿ ಅಮ್ಮನೋ ಅತ್ತೆಯೋ "ಮಂಚ ಬಿಟ್ಟು ಇಳೀಬೇಡ" ಎನ್ನುವುದುಂಟು. ಅದು ಅಕ್ಕರೆಯ ಮಾತು, ನಿಜ. ಆದರೆ ಸುಮ್ಮನೆ ಮಲಗಿದ್ದರೆ ಹೆರಿಗೆ ಮುಂದಕ್ಕೆ ಹೋಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಬಹಳ ದಿನ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಹೊಟ್ಟೆ ಮತ್ತೆ ಮತ್ತೆ ಕಲ್ಲಿನಂತೆ ಬಿಗಿಯುವುದು, ಬಿಡದ ಸೊಂಟನೋವು, ನೀರು ಅಥವಾ ರಕ್ತ ಹೋಗುವುದು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಎಷ್ಟೋ ಕಡೆ ಬೆಳಗಾಗಲಿ ಎಂದು ಕಾಯುತ್ತಾರೆ, ಆ ಇಂಜೆಕ್ಷನ್‌ಗೆ ಬೇಕಿದ್ದ ಹೊತ್ತು ಅಲ್ಲೇ ಕಳೆದುಹೋಗುತ್ತದೆ.

ಕಾಸಾಬ್ಲಾಂಕಾದ ಒಂಬತ್ತೂ ಮಕ್ಕಳು ಉಳಿದರು. ಹುಟ್ಟಿ 19 ತಿಂಗಳಾದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಮೊದಲ ಬಾರಿಗೆ ಮಾಲಿಯ ನೆಲ ಕಂಡರು.