ಎತ್ತಿಗೆ ಜ್ವರ, ವೈನಿಗೆ ಬರೆ

ಮುಕ್ಕಾಲು ಲೀಟರಿನ ಫ್ರೆಂಚ್ ವೈನ್ ಬಾಟಲಿಯೊಂದು ಅಮೆರಿಕದ ಬಂದರಿನಲ್ಲಿ ಇಳಿದರೆ, ಅದಕ್ಕೆ ಬಹುಕಾಲದಿಂದ ಇದ್ದ ಆಮದು ಸುಂಕ ಲೀಟರಿಗೆ 6.3 ಸೆಂಟ್. ಬಾಟಲಿಯ ಲೆಕ್ಕದಲ್ಲಿ ಐದು ಸೆಂಟೂ ತುಂಬುವುದಿಲ್ಲ. ಮದ್ಯಸಾರ ಶೇ 14 ಮೀರಿರಬಾರದು, ಅಷ್ಟೇ. ಬೆಲೆಯನ್ನು ಯಾರೂ ಕೇಳುತ್ತಿರಲಿಲ್ಲ ಎಂದರೂ ನಡೆದೀತು. ಹತ್ತು ಡಾಲರಿನ ಬೋರ್ಡೊಗೂ ಅದೇ, ಸಾವಿರ ಡಾಲರಿನ ಬರ್ಗಂಡಿಗೂ ಅದೇ. 2025ರ ಆಗಸ್ಟ್ 7ರಿಂದ ಐರೋಪ್ಯ ಒಕ್ಕೂಟದ ಸರಕಿಗೆ ಬೆಲೆಯ ಮೇಲೆ ಶೇ 15 ಎಂದಾಯಿತು. ಸಾವಿರ ಡಾಲರಿನ ಬಾಟಲಿಗೆ ಆಗ 150 ಡಾಲರ್. ಮೂರು ಸಾವಿರ ಪಟ್ಟಿಗೂ ಹೆಚ್ಚು!

ಆದರೂ ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು 2019ರ ಕಥೆ. ಏರ್‌ಬಸ್ ವಿಮಾನ ಕಂಪನಿಗೆ ಯುರೋಪಿನ ಸರ್ಕಾರಗಳು ಕೊಟ್ಟ ಸಬ್ಸಿಡಿ ಅಕ್ರಮ ಎಂದು ತೀರ್ಮಾನಿಸಿದ ವಿಶ್ವ ವ್ಯಾಪಾರ ಸಂಸ್ಥೆ, ವರ್ಷಕ್ಕೆ 750 ಕೋಟಿ ಡಾಲರಿನಷ್ಟು ಸರಕಿನ ಮೇಲೆ ಪ್ರತಿಸುಂಕ ಹಾಕಲು ಅಮೆರಿಕಕ್ಕೆ ಅನುಮತಿ ಕೊಟ್ಟಿತು. ಅಕ್ಟೋಬರ್ 18ರಿಂದ ಸುಂಕ ಶುರು. ಜಗಳ ವಿಮಾನದ್ದು, ಆದರೆ ವಿಮಾನಕ್ಕೆ ಬಿದ್ದದ್ದು ಶೇ 10, ವೈನಿಗೆ ಶೇ 25. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಏರ್‌ಬಸ್ಸಿಗೆ ಸಬ್ಸಿಡಿ ಕೊಟ್ಟ ಫ್ರಾನ್ಸ್, ಜರ್ಮನಿ, ಸ್ಪೇನ್, ಬ್ರಿಟನ್ನಿನ ವೈನಿಗೆ ಮಾತ್ರ ಈ ದಂಡ, ಇಟಲಿಯದು ಪಾರಾಯಿತು.

ಆದೇಶದ ಒಳಗಿನ ಸಣ್ಣ ಅಕ್ಷರಗಳು ಇನ್ನೂ ಮಜವಾಗಿದ್ದವು. ಮದ್ಯಸಾರ ಶೇ 14 ಅಥವಾ ಕಡಿಮೆ ಇದ್ದರೆ ಸುಂಕ, ಮೀರಿದರೆ ಇಲ್ಲ. ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಶೇ 8ರಷ್ಟೇ ಮದ್ಯಸಾರದ ರೀಸ್ಲಿಂಗ್ ಸಿಗುತ್ತದೆ, ಆ ಬಡಪಾಯಿ ಶೇ 25 ತೆತ್ತಿತು. ದಕ್ಷಿಣ ಫ್ರಾನ್ಸಿನ ಬಿಸಿಲಲ್ಲಿ ಮಾಗಿದ ದ್ರಾಕ್ಷಿಯ, ಲೇಬಲ್ಲಿನ ಮೇಲೆ 14.5 ಎಂದು ಬರೆದುಕೊಂಡ ಗಡಸು ವೈನ್ ನಗುತ್ತ ಗೇಟು ದಾಟಿತು. ಎರಡು ಲೀಟರ್ ಮೀರಿದ ಬಾಟಲಿಗೂ ಸುಂಕವಿಲ್ಲ. ಒಂದೇ ತೋಟ, ಒಂದೇ ಪೀಪಾಯಿ; ಮುಕ್ಕಾಲು ಲೀಟರಿಗೆ ತುಂಬಿದ್ದು ಸಿಕ್ಕಿಬಿತ್ತು, ಮೂರು ಲೀಟರಿನ ದೊಡ್ಡ ಬಾಟಲಿ ತಪ್ಪಿಸಿಕೊಂಡಿತು. ಫ್ರಾನ್ಸ್, ಜರ್ಮನಿಗಳ ಮಟ್ಟಿಗೆ ಈ ಕಿಂಡಿಗಳನ್ನು ಮುಚ್ಚಿದ್ದು 2021ರ ಜನವರಿ 12ರಂದು. ಎರಡು ತಿಂಗಳೊಳಗೆ, ಮಾರ್ಚಿನಲ್ಲಿ, ಇಡೀ ಸುಂಕವನ್ನೇ ತಡೆಹಿಡಿಯಲಾಯಿತು.

ಬಂದರಿನಲ್ಲಿ ಕಟ್ಟಿದ ಸುಂಕ ಅಲ್ಲಿಗೇ ನಿಲ್ಲುವುದೂ ಇಲ್ಲ. 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಅಮೆರಿಕದಲ್ಲಿ ವೈನ್ ಸಾಮಾನ್ಯವಾಗಿ ಆಮದುದಾರ, ಸಗಟು ವಿತರಕ, ಅಂಗಡಿ ಎಂದು ಮೂರು ಕೈ ದಾಟಿಯೇ ಗಿರಾಕಿಗೆ ಸಿಗಬೇಕು. ಪ್ರತಿಯೊಬ್ಬರೂ ತಾವು ಕೊಟ್ಟ ಬೆಲೆಯ ಮೇಲೆ ಶೇಕಡಾವಾರು ಲಾಭ ಇಡುತ್ತಾರೆ, ಆ ಬೆಲೆಯೊಳಗೆ ಸುಂಕವೂ ಕೂತಿರುತ್ತದೆ. ಹತ್ತು ಡಾಲರಿನ ಬಾಟಲಿಗೆ ಶೇ 15 ಅಂದರೆ ಒಂದೂವರೆ ಡಾಲರ್. ವಿತರಕ ಶೇ 30 ಇಟ್ಟ ಎಂದುಕೊಳ್ಳಿ, ಅದು 1.95 ಆಯಿತು. ಅಂಗಡಿಯವನು ಶೇ 50 ಇಟ್ಟರೆ 2.93. ರೆಸ್ಟೊರೆಂಟಿನವರು ಕೊಂಡದ್ದರ ಮೂರು ಪಟ್ಟು ಹಾಕಿದರೆ ಆರು ಡಾಲರಿಗೆ ಹತ್ತಿರ. ಸರ್ಕಾರಕ್ಕೆ ಸಿಕ್ಕಿದ್ದು ಮಾತ್ರ ಅದೇ ಒಂದೂವರೆ. ಫ್ರೆಂಚ್ ಬಾಟಲಿಯ ಬೆಲೆಯಲ್ಲಿ ದೊಡ್ಡ ಪಾಲು ಅಮೆರಿಕದವರ ಜೇಬಿಗೇ ಹೋಗುತ್ತಿತ್ತು. ಸುಂಕದ ವಿರುದ್ಧ ಅಲ್ಲಿನ ವ್ಯಾಪಾರಿಗಳೇ ಅಷ್ಟು ಗಟ್ಟಿಯಾಗಿ ಕೂಗಿದ್ದು ಸುಮ್ಮನೆ ಅಲ್ಲ.

2025ರ ಮಾರ್ಚ್ 13ರಂದು ಟ್ರಂಪ್ ಯುರೋಪಿನ ವೈನಿಗೆ ಶೇ 200 ಹಾಕುತ್ತೇನೆ ಎಂದು ಗುಡುಗಿದರು. ಅಮೆರಿಕದ ವಿಸ್ಕಿಗೆ ಯುರೋಪು ಶೇ 50 ಹಾಕಲು ಹೊರಟಿದ್ದಕ್ಕೆ ಉತ್ತರವಂತೆ. ಜಾರಿಗೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಸುಂಕ ಬೀಳುವುದು ಆರ್ಡರ್ ಕೊಟ್ಟ ದಿನದ ದರದಲ್ಲಲ್ಲ, ಸರಕು ಬಂದು ಮುಟ್ಟಿದ ದಿನದ ದರದಲ್ಲಿ. ಹಡಗು ಸಮುದ್ರದಲ್ಲಿರುವುದು ವಾರಗಟ್ಟಲೆ. ಕಂಟೇನರಿನಲ್ಲಿ ಸಾವಿರ ಪೆಟ್ಟಿಗೆ, 12,000 ಬಾಟಲಿ, ಒಂದಕ್ಕೆ ಹತ್ತು ಡಾಲರ್ ಎಂದು ಹಿಡಿಯಿರಿ. ಹಳೆಯ ದರದಲ್ಲಿ ಇಡೀ ಕಂಟೇನರಿನ ಸುಂಕ 567 ಡಾಲರ್. ಶೇ 200 ಆದರೆ 2,40,000. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಏನು ಬಂತು? ಆಮದುದಾರರು ಆರ್ಡರುಗಳನ್ನೇ ನಿಲ್ಲಿಸಿದರು.

ಅಮೆರಿಕದವರು ಶೇ 15ಕ್ಕೆ ಎದೆ ಬಡಿದುಕೊಳ್ಳುತ್ತಿರುವಾಗ ಭಾರತದಲ್ಲಿ ನಾವು ಶೇ 150 ಕಟ್ಟಿ ಕುಡಿಯುತ್ತಿದ್ದೆವು. 2021ರ ಬಜೆಟ್ಟಿನಲ್ಲಿ ಮೂಲ ಸುಂಕ 150ರಿಂದ 50ಕ್ಕೆ ಇಳಿಯಿತು, ಅದೇ ಗಳಿಗೆಯಲ್ಲಿ ಶೇ 100ರ ಕೃಷಿ ಮೂಲಸೌಕರ್ಯ ಸೆಸ್ ಹತ್ತಿ ಕೂತಿತು. ಕೂಡಿಸಿದರೆ ಮತ್ತೆ 150! ಇದು ಕಸ್ಟಮ್ಸ್ ಮಾತ್ರ, ರಾಜ್ಯದ ಅಬಕಾರಿ ಬೇರೆ. 2007ರಲ್ಲಿ ಶುರುವಾಗಿ, ನಡುವೆ ವರ್ಷಗಟ್ಟಲೆ ನಿಂತುಹೋಗಿದ್ದ ಭಾರತ–ಐರೋಪ್ಯ ಒಕ್ಕೂಟದ ಮಾತುಕತೆ 2026ರ ಜನವರಿ 27ರಂದು ಮುಗಿಯಿತು. ಒಪ್ಪಂದದ ಪ್ರಕಾರ ಸುಂಕ ಮೊದಲು 75ಕ್ಕೆ, ಬಳಿಕದ ವರ್ಷಗಳಲ್ಲಿ ಹಂತಹಂತವಾಗಿ ದುಬಾರಿ ವೈನಿಗೆ 20ಕ್ಕೆ, ಮಧ್ಯಮ ಬೆಲೆಯದಕ್ಕೆ 30ಕ್ಕೆ ಇಳಿಯಬೇಕು. ಎರಡೂವರೆ ಯೂರೊಗಿಂತ ಅಗ್ಗದ್ದಕ್ಕೆ ರಿಯಾಯಿತಿ ಇಲ್ಲ. ನಂದಿ ಬೆಟ್ಟದ ಸುತ್ತ, ನಾಸಿಕದಲ್ಲಿ ವೈನ್ ಮಾಡುವವರಿಗೆ ಅದೇ ಬೇಲಿ. ಇಳಿಕೆ ಪೂರ್ತಿಯಾದ ದಿನ 2.40 ಯೂರೊದ ಬಾಟಲಿ ಸುಂಕ ಸೇರಿ ಆರು ಯೂರೊ ಆಗುತ್ತದೆ, 2.60ರದು 3.38.