ಸರ್ವಶ್ರೇಷ್ಠ ಯಾರು? — ಬಗೆಹರಿಯದ ಒಂದು ವಾದ
(ಬಾನುಲಿ ಭಾಷಣ)

ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂಬ ವಾದವನ್ನು ಕೇಳದ ಸಾಹಿತ್ಯಾಸಕ್ತರು ನಮ್ಮಲ್ಲಿ ವಿರಳ. ನನ್ನ ವಿದ್ಯಾರ್ಥಿದೆಸೆಯಲ್ಲಿ ಈ ವಾದ ಊಟವಾದ ಮೇಲೆ ಹಾಸ್ಟೆಲಿನ ಜಗಲಿಯಲ್ಲಿ ಆರಂಭವಾಗಿ, ದೀಪ ಆರಿಸಿದ ಮೇಲೂ ಮುಂದುವರಿಯುತ್ತಿತ್ತು. ಯಾರೂ ಗೆಲ್ಲುತ್ತಿರಲಿಲ್ಲ, ಆದರೆ ಮರುದಿನ ಇಬ್ಬರೂ ಗ್ರಂಥಾಲಯಕ್ಕೆ ಹೋಗಿ ಎದುರು ಪಕ್ಷದ ಕವಿಯನ್ನು ಗುಟ್ಟಾಗಿ ಓದುತ್ತಿದ್ದೆವು. ಅಂಥದೇ ಇನ್ನೊಂದು ವಾದವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಸಂಬಂಧಿಸಿದ್ದು. ಆ ಆಟವನ್ನಾಡಿದವರಲ್ಲಿ ಸರ್ವಶ್ರೇಷ್ಠನೆನಿಸುವವನು ಯಾರು?

ಈ ಆಟಕ್ಕೆ ಹುಟ್ಟಿದ ದಿನವೂ ಉಂಟು, ಹುಟ್ಟಿಸಿದವನೂ ಉಂಟು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ, ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲಿ ಆಡಲೆಂದು ಇದನ್ನು ರೂಪಿಸಿದ. ಇಂದು ಎನ್‌ಬಿಎ ಎಂದು ಹೆಸರಾಗಿರುವ ವೃತ್ತಿಪರ ಸಂಘ 1946ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಗಿ, 1949ರಲ್ಲಿ ಈಗಿನ ಹೆಸರನ್ನು ಪಡೆಯಿತು. ಐವತ್ತನೆಯ ವರ್ಷದ ನೆನಪಿಗೆ, 1996ರಲ್ಲಿ, ಈ ಸಂಘ ಐವತ್ತು ಶ್ರೇಷ್ಠ ಆಟಗಾರರ ಪಟ್ಟಿಯನ್ನು ಪ್ರಕಟಿಸಿತು. ಆದರೆ ಅವರಲ್ಲಿ ಮೊದಲನೆಯವರು ಯಾರೆಂದು ಹೇಳುವ ಗೋಜಿಗೆ ಹೋಗಲಿಲ್ಲ. 2021ರಲ್ಲಿ ಎಪ್ಪತ್ತೈದು ಜನರ ಪಟ್ಟಿಯನ್ನು ಮಾಡಹೊರಟಾಗ ಮತಗಳು ಸಮವಾಗಿ ಬಿದ್ದು ಎಪ್ಪತ್ತಾರು ಹೆಸರುಗಳಾದವು. ಬಲ್ಲವರು ಸೇರಿ ಮಾಡಿದ ಎಣಿಕೆಯೇ ಲೆಕ್ಕಕ್ಕೆ ನಿಲ್ಲಲಿಲ್ಲವೆಂದ ಮೇಲೆ ನಮ್ಮಂಥವರ ಪಾಡೇನು!

ನಾನು ಬಹುಕಾಲ ಅಂಕಿಗಳನ್ನು ನಂಬಿದ್ದವನು. ಅಂಕಿಗಳನ್ನು ನಂಬುವವನಿಗೆ ಈ ವಾದದಲ್ಲಿ ಕಷ್ಟವೇ ಇಲ್ಲ. ವಿಲ್ಟ್ ಚೇಂಬರ್ಲಿನ್ ಎಂದು ಹೇಳಿ ಕೈತೊಳೆದುಕೊಳ್ಳಬಹುದು. 1962ರ ಮಾರ್ಚ್ 2ರಂದು, ಪೆನ್ಸಿಲ್ವೇನಿಯದ ಹರ್ಷಿ ಎಂಬ ಊರಿನಲ್ಲಿ, ಫಿಲಡೆಲ್ಫಿಯ ತಂಡದ ಪರವಾಗಿ ನ್ಯೂಯಾರ್ಕಿನ ಎದುರು ಆಡುತ್ತ ಆತ ಒಬ್ಬನೇ ನೂರು ಅಂಕಗಳನ್ನು ಗಳಿಸಿದ. ಆ ಇಡೀ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 50.4. ಅದರ ಸಮೀಪಕ್ಕೆ ಇಂದಿನವರೆಗೆ ಬೇರೆ ಯಾರೂ ಬಂದಿಲ್ಲ.

ಆ ನೂರು ಅಂಕಗಳ ಪಂದ್ಯದ ಚಲನಚಿತ್ರವಿಲ್ಲ. ದೂರದರ್ಶನದವರು ಅಲ್ಲಿಗೆ ಬಂದಿರಲಿಲ್ಲ. ಸಭಾಂಗಣದಲ್ಲಿದ್ದವರು ನಾಲ್ಕು ಸಾವಿರದ ಚಿಲ್ಲರೆ ಜನ ಮಾತ್ರ. ಉಳಿದಿರುವುದು ಪಂದ್ಯದ ಕೊನೆಯ ಕಾಲುಭಾಗದ ಬಾನುಲಿ ವೀಕ್ಷಕ ವಿವರಣೆಯ ಮುದ್ರಿಕೆ. ಕಾಣದ ಆಟವನ್ನು ಕಿವಿಯಿಂದ ಕಂಡು ಬೆಳೆದ ನಮ್ಮ ತಲೆಮಾರಿನವರಿಗೆ ಇದರಲ್ಲಿ ಒಂದು ಬಗೆಯ ಸಮಾಧಾನವಿದೆ. ಆದರೆ ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಪಂಪನನ್ನು ನಾವು ಯಾರೂ ಕಂಡವರಲ್ಲ. ಆದರೂ ಅವನ ಕಾವ್ಯ ಸಾವಿರ ವರ್ಷಗಳ ಮೇಲೂ ನಮ್ಮ ಮುಂದೆ ತೆರೆದಿದೆ. ಆಟ ಹಾಗಲ್ಲ. ಅದು ಆಡಿದೊಡನೆ ಮುಗಿದುಹೋಗುತ್ತದೆ. ಆಮೇಲೆ ನಮ್ಮ ಕೈಗೆ ಸಿಗುವುದು, ಆ ಹೊತ್ತು ಎಣಿಸಲು ಕುಳಿತವರು ಏನನ್ನು ಎಣಿಸಿದರೋ ಅಷ್ಟು ಮಾತ್ರ.

ಈ ಮಾತಿನ ಭಾರ ನನಗೆ ತಿಳಿದದ್ದು ಬಿಲ್ ರಸೆಲ್ಲನ ವಿಷಯದಲ್ಲಿ. ಬಾಸ್ಟನ್ ತಂಡದ ಪರವಾಗಿ 1956ರಿಂದ 1969ರವರೆಗೆ ಹದಿಮೂರು ಋತುಗಳನ್ನಾಡಿದ ಈತ ಹನ್ನೊಂದು ಸಲ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ. ಕೊನೆಯ ಎರಡು ಸಲ ಆಟಗಾರನೂ ತಾನೇ, ತರಬೇತುದಾರನೂ ತಾನೇ. ಎನ್‌ಬಿಎಯಲ್ಲಿ ಮುಖ್ಯ ತರಬೇತುದಾರನಾದ ಕಪ್ಪು ಜನಾಂಗದವರಲ್ಲಿ ಆತ ಮೊದಲಿಗ. ಆದರೆ ಅವನ ಅಂಕಗಳ ಸರಾಸರಿ ಹದಿನೈದು ಅಷ್ಟೇ! ಚೇಂಬರ್ಲಿನ್ನನ ಪಕ್ಕದಲ್ಲಿ ಇದು ಬಡವಾಗಿ ಕಾಣುವುದು ಸಹಜ.

ಆದರೆ ರಸೆಲ್ಲನ ಪ್ರತಿಭೆಯಿದ್ದದ್ದು ಚೆಂಡನ್ನು ಬುಟ್ಟಿಗೆ ಹಾಕುವುದರಲ್ಲಲ್ಲ, ಎದುರಾಳಿ ಹಾಕದಂತೆ ತಡೆಯುವುದರಲ್ಲಿ. ಎದುರಾಳಿ ಎಸೆದ ಚೆಂಡನ್ನು ಆಕಾಶದಲ್ಲೇ ತಡೆದು, ಅದು ಅಂಗಳದಾಚೆ ಹೋಗದಂತೆ ತನ್ನ ತಂಡದವರ ಕೈಗೇ ಬೀಳುವ ಹಾಗೆ ಮೆಲ್ಲನೆ ತಟ್ಟುವುದು ಅವನ ವಿದ್ಯೆ. ಹೀಗೆ ತಡೆದ ಎಸೆತಗಳನ್ನು ಎನ್‌ಬಿಎ ಲೆಕ್ಕವಿಡಲು ಆರಂಭಿಸಿದ್ದು 1973–74ರ ಋತುವಿನಿಂದ. ರಸೆಲ್ ನಿವೃತ್ತನಾಗಿ ಆಗಲೇ ನಾಲ್ಕು ವರ್ಷಗಳಾಗಿದ್ದವು. ಅಂದರೆ ಅವನ ಜೀವಮಾನದ ಮುಖ್ಯ ಕೃತಿಯೇ ದಾಖಲೆಯ ಪುಸ್ತಕದಲ್ಲಿಲ್ಲ. ಇದು ತಿಳಿದ ದಿನ, ಅಂಕಿಗಳ ಆಧಾರದ ಮೇಲೆ ನಾನು ಅಷ್ಟು ಧೈರ್ಯದಿಂದ ಕೊಟ್ಟಿದ್ದ ತೀರ್ಪುಗಳೆಲ್ಲ ನನಗೇ ನಾಚಿಕೆಯೆನಿಸಿದವು.

ಅವನ ಸಮಕಾಲೀನರಿಗೆ ಮಾತ್ರ ಇದು ಗೊತ್ತಿತ್ತು. ವರ್ಷದ ಶ್ರೇಷ್ಠ ಆಟಗಾರನನ್ನು ಆಗ ಆಟಗಾರರೇ ಮತ ಕೊಟ್ಟು ಆರಿಸುತ್ತಿದ್ದರು. ಚೇಂಬರ್ಲಿನ್ ಸರಾಸರಿ ಐವತ್ತು ಅಂಕ ಗಳಿಸಿದ ಆ 1961–62ರ ಋತುವಿನಲ್ಲಿಯೇ ಅವರು ಆರಿಸಿದ್ದು ರಸೆಲ್ಲನನ್ನು. ಅದೇ ವರ್ಷ ಬಾಸ್ಟನ್ ತಂಡ ಏಳು ಪಂದ್ಯಗಳ ಸರಣಿಯಲ್ಲಿ ಫಿಲಡೆಲ್ಫಿಯವನ್ನು ಕೊನೆಯ ಪಂದ್ಯದಲ್ಲಿ ಸೋಲಿಸಿ ಮುಂದೆ ಹೋಗಿ ಪ್ರಶಸ್ತಿಯನ್ನೂ ಗೆದ್ದಿತು.

ಹಾಗಾದರೆ ಪ್ರಶಸ್ತಿಗಳ ಸಂಖ್ಯೆಯೇ ಶ್ರೇಷ್ಠತೆಯ ಅಳತೆಗೋಲೆನ್ನೋಣವೇ? ಅಲ್ಲಿಯೂ ತೊಡಕಿದೆ. ರಸೆಲ್ ಬಂದಾಗ ಇದ್ದುದು ಎಂಟೇ ತಂಡಗಳು. ಆರಂಭದ ವರ್ಷಗಳಲ್ಲಿ ಅಗ್ರಸ್ಥಾನದ ತಂಡ ಎರಡು ಸರಣಿಗಳನ್ನು ಗೆದ್ದರೆ ಪ್ರಶಸ್ತಿ ದೊರೆಯುತ್ತಿತ್ತು. ಈಗ ತಂಡಗಳು ಮೂವತ್ತು, ಗೆಲ್ಲಬೇಕಾದ ಸರಣಿಗಳು ನಾಲ್ಕು. ಅಲ್ಲದೆ ಐವರು ಕೂಡಿ ಆಡುವ ಆಟದ ಜಯವನ್ನು ಒಬ್ಬನ ಹೆಸರಿಗೆ ಬರೆಯುವುದು ನ್ಯಾಯವೇ? ಮೈಕೇಲ್ ಜೋರ್ಡನ್ನನ ಉದಾಹರಣೆಯನ್ನೇ ನೋಡಿ. ಷಿಕಾಗೊ ತಂಡಕ್ಕೆ 1991ರಿಂದ 1993ರವರೆಗೆ ಮೂರು, 1996ರಿಂದ 1998ರವರೆಗೆ ಮೂರು, ಹೀಗೆ ಆರು ಪ್ರಶಸ್ತಿಗಳನ್ನು ತಂದುಕೊಟ್ಟವನು ಆತ. ಆರು ಅಂತಿಮ ಸರಣಿಗಳಲ್ಲಿಯೂ ಶ್ರೇಷ್ಠ ಆಟಗಾರನೆನಿಸಿದವನೂ ಆತನೇ. ಪಂದ್ಯಕ್ಕೆ 30.1 ಅಂಕಗಳ ಅವನ ಜೀವಮಾನದ ಸರಾಸರಿಯನ್ನು ಯಾರೂ ಮೀರಿಲ್ಲ. ಆದರೆ 1993ರಲ್ಲಿ ಆತ ಹಠಾತ್ತನೆ ನಿವೃತ್ತನಾಗಿ ಬೇಸ್‌ಬಾಲ್ ಆಡಲು ಹೋದಾಗ, ಅವನಿಲ್ಲದ ತಂಡ 82 ಪಂದ್ಯಗಳಲ್ಲಿ 55ನ್ನು ಗೆದ್ದಿತು; ಅವನಿದ್ದ ಹಿಂದಿನ ವರ್ಷ ಗೆದ್ದದ್ದು 57. ಸೂರ್ಯನಿಲ್ಲದೆಯೂ ಇಷ್ಟು ಬೆಳಕೇ ಎಂದು ಒಬ್ಬರು ಕೇಳಬಹುದು. ಪ್ರಶಸ್ತಿಯೇನೋ ಬರಲಿಲ್ಲವಲ್ಲ ಎಂದು ಇನ್ನೊಬ್ಬರು ಉತ್ತರಿಸಬಹುದು. ಇಬ್ಬರ ಮಾತೂ ನಿಜವೇ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಮೂರನೆಯ ಒಂದು ಅಳತೆ ಹೆಚ್ಚು ಪ್ರಿಯ. ಮಹಾಕವಿ ವ್ಯಾಕರಣವನ್ನು ಅನುಸರಿಸುವವನಷ್ಟೇ ಅಲ್ಲ. ವೈಯಾಕರಣ ಹೊಸ ಸೂತ್ರ ಬರೆಯುವಂತೆ ಮಾಡುವವನು. ಈ ಆಟದಲ್ಲಿಯೂ ಅಂಥವರಿದ್ದಾರೆ. ಮಿನಿಯಾಪೊಲಿಸ್ ತಂಡದ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರನನ್ನು ಬುಟ್ಟಿಯ ಬುಡದಿಂದ ದೂರವಿಡಬೇಕೆಂದು, ಆಟಗಾರ ಮೂರು ಸೆಕೆಂಡುಗಳಿಗಿಂತ ಹೆಚ್ಚು ನಿಲ್ಲಬಾರದ ಆ ಓಣಿಯನ್ನು 1951ರಲ್ಲಿ ಆರಡಿಯಿಂದ ಹನ್ನೆರಡು ಅಡಿಗೆ ಅಗಲಿಸಿದರು. ಚೇಂಬರ್ಲಿನ್ನನ ಕಾಲದಲ್ಲಿ, 1964ರಲ್ಲಿ, ಅದು ಹದಿನಾರು ಅಡಿಯಾಯಿತು. ಕರೀಂ ಅಬ್ದುಲ್ ಜಬ್ಬಾರ್ ಕಾಲೇಜಿನಲ್ಲಿದ್ದಾಗ, 1967ರಲ್ಲಿ, ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದನ್ನೇ ಕಾಲೇಜು ಪಂದ್ಯಗಳಲ್ಲಿ ನಿಷೇಧಿಸಿದರು; ಆ ನಿಷೇಧ ಒಂಬತ್ತು ವರ್ಷ ನಡೆಯಿತು. ಆತ ತೋಳನ್ನು ಕಮಾನಿನಂತೆ ಬಳಸಿ ತಲೆಯ ಮೇಲಿಂದ ಎಸೆಯುವ ಕೊಕ್ಕೆ ಎಸೆತವನ್ನು ಕೈವಶ ಮಾಡಿಕೊಂಡು, ಅದರ ಬಲದಿಂದ ಮುಂದೆ 38,387 ಅಂಕಗಳನ್ನು ಕೂಡಿಹಾಕಿದ. ದೂರದಿಂದ ಎಸೆದು ಗಳಿಸಿದರೆ ಮೂರು ಅಂಕ ಎಂಬ ನಿಯಮ ಎನ್‌ಬಿಎಗೆ ಬಂದದ್ದು 1979ರಲ್ಲಿ. ಅದರ ಪೂರ್ಣ ಅರ್ಥವನ್ನು ತೋರಿಸಲು ಸ್ಟೀಫನ್ ಕರಿ ಬರಬೇಕಾಯಿತು. 2015–16ರ ಒಂದೇ ಋತುವಿನಲ್ಲಿ ಆತ ಅಂಥ 402 ಎಸೆತಗಳನ್ನು ಬುಟ್ಟಿಗೆ ಹಾಕಿದ. ಛಂದಸ್ಸು ಬದಲಾದ ಮೇಲೆ ಹಳೆಯ ಪದ್ಯಗಳನ್ನು ಹೊಸ ಮಾತ್ರೆಯಿಂದ ಅಳೆಯಲಾಗದು. ಮೂರು ಅಂಕದ ಗೆರೆಯೇ ಇಲ್ಲದ ಅಂಗಳದಲ್ಲಿ ಆಡಿದವನನ್ನೂ ಆ ಗೆರೆಯಾಚೆ ಬೆಳೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇಷ್ಟು ಹೊತ್ತು ನಾನು ಗಂಡಸರ ಹೆಸರುಗಳನ್ನಷ್ಟೇ ಹೇಳಿದ್ದನ್ನು ಕೇಳುಗರು ಗಮನಿಸಿರಬಹುದು. ಸಾರ್ವಕಾಲಿಕ ಎಂಬ ದೊಡ್ಡ ಮಾತಿನೊಳಗೆ ಹೆಂಗಸರು ಇನ್ನೂ ಪ್ರವೇಶ ಪಡೆದಿಲ್ಲ. ಅವರ ವೃತ್ತಿಪರ ಸಂಘದ ಪಂದ್ಯಗಳು 1997ರಲ್ಲಿ ಆರಂಭವಾದಾಗ ಮೊದಲ ನಾಲ್ಕೂ ಪ್ರಶಸ್ತಿಗಳನ್ನು ಹ್ಯೂಸ್ಟನ್ ತಂಡ ಗೆದ್ದಿತು. 2023ರಲ್ಲಿ ಡಯಾನ ಟೊರಾಸಿ ಆ ಸಂಘದಲ್ಲಿ ಹತ್ತು ಸಾವಿರ ಅಂಕ ದಾಟಿದ ಮೊದಲಿಗಳಾದಳು. ಎಣಿಸದೆ ಬಿಟ್ಟದ್ದು ಇಲ್ಲವಾಗುತ್ತದೆ ಎಂಬ ಮಾತು ರಸೆಲ್ಲನಿಗೆ ಅನ್ವಯಿಸುವಂತೆ ಇವರಿಗೂ ಅನ್ವಯಿಸುತ್ತದೆ.

ಕೊನೆಗೂ ನಿಮ್ಮ ಆಯ್ಕೆ ಯಾರು ಎಂದು ಕೇಳಿದರೆ ನುಣುಚಿಕೊಳ್ಳುವುದು ಸಭ್ಯತೆಯಲ್ಲ. ನಾನು ರಸೆಲ್ಲನ ಪಕ್ಷ. ಅದಕ್ಕೆ ಅಂಗಳದಾಚೆಯ ಒಂದು ಕಾರಣವೂ ಇದೆ. 1961ರ ಅಕ್ಟೋಬರಿನಲ್ಲಿ, ಅದೇ ಐವತ್ತರ ಸರಾಸರಿಯ ಋತುವಿನ ಹೊಸ್ತಿಲಲ್ಲಿ, ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿಗೆ ಪ್ರದರ್ಶನ ಪಂದ್ಯಕ್ಕಾಗಿ ಹೋಗಿದ್ದ ಬಾಸ್ಟನ್ ತಂಡದ ಕಪ್ಪು ಆಟಗಾರರಿಗೆ, ಇಳಿದುಕೊಂಡಿದ್ದ ಹೋಟೆಲಿನಲ್ಲಿಯೇ ತಿಂಡಿ ಕೊಡಲು ನಿರಾಕರಿಸಿದರು. ರಸೆಲ್ಲನೂ ಅವನ ಸಂಗಡಿಗರೂ ಆಡದೆ ಊರಿಗೆ ಹೊರಟುಬಿಟ್ಟರು. ಪಂದ್ಯ ಅವರಿಲ್ಲದೆ ನಡೆಯಿತು. ಆ ದಿನದ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೂ ಇರಲಾರದು. ನನ್ನ ಮಟ್ಟಿಗೆ ಅವನ ಅತ್ಯುತ್ತಮ ಆಟಗಳಲ್ಲಿ ಅದೂ ಒಂದು. ಇದು ಆಟದ ವಿಮರ್ಶೆಯಲ್ಲ, ಮನುಷ್ಯನ ವಿಮರ್ಶೆ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಶ್ರೇಷ್ಠ ಎಂಬ ಮಾತನ್ನು ಬಳಸುವಾಗ ನಾವು ಅಳೆಯುತ್ತಿರುವುದು ಏನನ್ನು ಎಂದು ಕೇಳಿಕೊಳ್ಳುವಂತೆ ಮಾಡುವುದೇ ಈ ವಾದದ ಪ್ರಯೋಜನವೆಂದು ನನ್ನ ಭಾವನೆ.

ಜಬ್ಬಾರನ ದಾಖಲೆಯನ್ನು 2023ರ ಫೆಬ್ರವರಿಯಲ್ಲಿ ಲೆಬ್ರಾನ್ ಜೇಮ್ಸ್ ಮುರಿದ. ಅವನ ಅಂಗಿಯ ಮೇಲೆ ಆಗ ಇದ್ದ ಸಂಖ್ಯೆ 6. ಅದು ರಸೆಲ್ಲನ ಸಂಖ್ಯೆ. 2022ರ ಜುಲೈಯಲ್ಲಿ ರಸೆಲ್ ತೀರಿಕೊಂಡಾಗ, ಇನ್ನು ಮುಂದೆ ಯಾವ ತಂಡದಲ್ಲಿಯೂ ಆ ಸಂಖ್ಯೆಯನ್ನು ಹೊಸಬರಿಗೆ ಕೊಡಕೂಡದೆಂದು ಎನ್‌ಬಿಎ ನಿರ್ಧರಿಸಿತು. ಆಗಲೇ ತೊಟ್ಟಿದ್ದವರು ತೊಡಬಹುದಿತ್ತು. ಜೇಮ್ಸ್ ಮರುವರ್ಷ ರಸೆಲ್ಲನ ಗೌರವಾರ್ಥವಾಗಿ ಅದನ್ನು ಬಿಟ್ಟು 23ಕ್ಕೆ ಮರಳಿದ. ಅದು ಹಿಂದೆ ಜೋರ್ಡನ್ ತೊಡುತ್ತಿದ್ದ ಸಂಖ್ಯೆ. 2024ರ ಮಾರ್ಚ್ 2ರಂದು, ಚೇಂಬರ್ಲಿನ್ನನ ನೂರು ಅಂಕಗಳ ರಾತ್ರಿಗೆ ಸರಿಯಾಗಿ ಅರವತ್ತೆರಡು ವರ್ಷ ತುಂಬಿದ ದಿನ, ಆ ಅಂಗಿಯನ್ನು ತೊಟ್ಟು ಆತ ನಲವತ್ತು ಸಾವಿರ ಅಂಕಗಳನ್ನು ದಾಟಿದ.

ಯಾರು ದೊಡ್ಡವರೆಂದು ಕೇಳುಗರಾದ ನಾವು ಜಗಳವಾಡುತ್ತಿದ್ದೇವೆ. ಆಡಿದವರಿಗೆ ಮಾತ್ರ ತಮಗಿಂತ ಮುಂಚೆ ಆಡಿದವರು ಯಾರೆಂಬುದು ಚೆನ್ನಾಗಿ ನೆನಪಿರುವಂತೆ ತೋರುತ್ತದೆ.